ಖಾಲಿ ಪರದೆಯ ಎದುರು

ನನಗೆ ಕಂಪ್ಯೂಟರ್ ಕಂಡರೆ ಹೆದರಿಕೆ. ಅದನ್ನೇ ಪಾಠ ಹೇಳಿ ಸಂಬಳ ತೆಗೆದುಕೊಳ್ಳುವವನು ಹೀಗೆನ್ನಬಾರದು, ಆದರೆ ನಿಮ್ಮ ಹತ್ತಿರ ಮುಚ್ಚುಮರೆ ಏನು? ಎರಡು ಸಾವಿರದ ಆಸುಪಾಸಿನಲ್ಲಿ ತುಮಕೂರಿನ ನಮ್ಮ ಕಾಲೇಜಿನ ಲ್ಯಾಬಿಗೆ ಚಪ್ಪಲಿ ಬಿಟ್ಟೇ ಹೋಗಬೇಕಿತ್ತು. ಗುಡಿಯಲ್ಲಾದರೆ ಪ್ರಸಾದವಾದರೂ ಸಿಗುತ್ತದೆ. ಇಲ್ಲಿ "ಏನೂ ಮುಟ್ಬೇಡಿ" ಎಂಬ ಗದರಿಕೆ ಮಾತ್ರ.

ಪ್ರಾಕ್ಟಿಕಲ್ ಪರೀಕ್ಷೆಯ ದಿನ ಹೊರಗಿನಿಂದ ಗಂಟುಮುಖದ ಪರೀಕ್ಷಕರೊಬ್ಬರು ಬಂದಿದ್ದರು. ಅವರೆದುರು ಮಕ್ಕಳೊಡನೆ ನಾನು ತುಟಿ ಬಿಚ್ಚುವಂತಿಲ್ಲ. ಕುಣಿಗಲ್‌ನಿಂದ ಬಸ್ಸಿನಲ್ಲಿ ಬರುವ ನಸೀಮಾಳ ಪಾಲಿಗೆ ಲ್ಯಾಬಿನ ಮುದಿ ಯಂತ್ರ ಬಿತ್ತು. ಆನ್ ಮಾಡಿದರೆ ಐಕಾನ್ ಇಲ್ಲ, ಕೆಳಗಿನ ಪಟ್ಟಿ ಇಲ್ಲ, ಬರೀ ಬೂದಿ ಬಣ್ಣ. ಆಗ ರಿಪೇರಿಯ ಮಂಜುನಾಥ ಬಾಗಿಲಲ್ಲಿ ನಿಂತು ಪಿಸುಗುಟ್ಟಿದ:

"ಸಾರ್, ಅದು ಡೆಸ್ಕ್‌ಟಾಪ್ ಎನ್ವಿರಾನ್‌ಮೆಂಟ್ ಭಾರ ತಡ್ಕೊಳ್ತಿರ್ಲಿಲ್ಲ. ನಿನ್ನೆ ತೆಗ್ದು ಬರೀ ವಿಂಡೋ ಮ್ಯಾನೇಜರ್ ಹಾಕಿದೀನಿ. ಖಾಲಿ ಜಾಗ್ದಲ್ಲಿ ಮೌಸ್ ಒತ್ತಿದ್ರೆ ಮೆನು ಬತ್ತದೆ."

ಡೆಸ್ಕ್‌ಟಾಪ್ ಎನ್ವಿರಾನ್‌ಮೆಂಟ್ ಎಂದರೆ ಐಕಾನ್, ಪಟ್ಟಿ, ಕಿಟಕಿ ಎಲ್ಲ ಸೇರಿದ ಪೂರ್ತಿ ಏರ್ಪಾಡು; ಛತ್ರ, ಅಡುಗೆ, ವಾಲಗ ಎಲ್ಲ ಕೂಡಿದ ಮದುವೆ ಇದ್ದಂತೆ. ವಿಂಡೋ ಮ್ಯಾನೇಜರ್ ಎಂದರೆ "ನೀವು ಈ ಕಡೆ ಬನ್ನಿ, ನೀವು ಸ್ವಲ್ಪ ಸರೀರಿ" ಎಂದು ಪಂಕ್ತಿಯಲ್ಲಿ ಕೂರಿಸುವ ಒಬ್ಬ ಹಿರಿಯ. ಪರದೆಯ ಮೇಲೆ ತೆರೆದ ಕಿಟಕಿಗಳಿಗೆ ಚೌಕಟ್ಟು ಕೊಟ್ಟು, ಹಿಂದೆ ಮುಂದೆ ಸರಿಸುವುದಷ್ಟೇ ಅವನ ಕೆಲಸ. ದೊಡ್ಡ ಮದುವೆಯಲ್ಲೂ ಅವನಿರುತ್ತಾನೆ, ಗದ್ದಲದಲ್ಲಿ ಕಾಣುವುದಿಲ್ಲ. ಇವತ್ತು ಅವನೊಬ್ಬನೇ ಉಳಿದಿದ್ದ.

ಇದೆಲ್ಲ ನಸೀಮಾಗೆ ಹೇಗೆ ಗೊತ್ತಾಗಬೇಕು? ಹೆದರುವವರ ಮೇಲೆ ಹಾವೆಸೆದಂತಾಗಿತ್ತು. ಫೇಲಾದರೆ ಒಂದು ವರ್ಷವೇ ಹೋಯಿತು. ಯಂತ್ರ ತನ್ನಿಂದಲೇ ಕೆಟ್ಟಿತೆಂದುಕೊಂಡು ಹುಡುಗಿ ಎರಡೂ ಕೈ ಮಡಿಲಲ್ಲಿಟ್ಟು ಕಲ್ಲಿನಂತೆ ಕೂತುಬಿಟ್ಟಿದ್ದಳು. ಮುಟ್ಟಬೇಡ ಎಂದೇ ಅಲ್ಲವೇ ನಾವು ಕಲಿಸಿದ್ದು. ಗೋಡೆ ಗಡಿಯಾರ ಓಡುತ್ತಿತ್ತು. ಪರೀಕ್ಷಕರು ಅವಳನ್ನೇ ದುರುಗುಟ್ಟಿ ನೋಡುತ್ತಿದ್ದರು.

"ಮುಟ್ಟಮ್ಮಾ! ಖಾಲಿ ಜಾಗದಲ್ಲೇ ಮೌಸ್ ಒತ್ತು, ಏನೂ ಆಗಲ್ಲ!" ಎಂದು ಕೂಗಿಯೇಬಿಟ್ಟೆ.

ಅವಳು ಬೆಚ್ಚಿ ಒತ್ತಿದಳು. ಏನೂ ಆಗಲಿಲ್ಲ. ಮತ್ತೆ ಏನೋ ಒತ್ತಿದಳು, ಮೆನು ಬಿಚ್ಚಿಕೊಂಡಿತು. ಪರೀಕ್ಷಕರು ಎದ್ದು ನೆಟ್ಟಗೆ ನನ್ನ ಬಳಿಗೇ ಬಂದರು. ನನ್ನ ಕೆಲಸ ಹೋಯಿತೆಂದೇ ಅಂದುಕೊಂಡೆ. ಅವರು ಕಿವಿಯ ಹತ್ತಿರ ಬಗ್ಗಿದರು.

"ಅದೆಂಗೆ ತರ್ಸಿದ್ಲು ಸಾರ್, ನಂಗೂ ಒಂಚೂರು ತೋರ್ಸಿ. ಆ ಹುಡ್ಗಿ ಎಲ್ಲಿ ನನ್ನೇ ಕೇಳ್ಬುಡ್ತಾಳೋ ಅಂತ ಆಗ್ಲಿಂದ ಕೈಕಾಲೇ ಆಡ್ತಿರ್ಲಿಲ್ಲ."

ಮೌಸಿನ ಯಾವ ಗುಂಡಿ ಎಂಬುದು ನನಗೂ ಗೊತ್ತಿರಲಿಲ್ಲ. ನಸೀಮಾ ಪ್ರೋಗ್ರಾಂ ಮುಗಿಸುವವರೆಗೆ ಕಾದಿದ್ದು, ಇಬ್ಬರೂ ಮೇಷ್ಟ್ರುಗಳು ಅವಳ ಕುರ್ಚಿಯ ಹಿಂದೆ ನಿಂತು ಕೇಳಿ ಕಲಿತೆವು.