ಮೂರನೆಯ ಬಟ್ಟಲು

ಪರ್ತ್‌ನ ಕ್ಯಾನಿಂಗ್ ವೇಲ್‌ನಲ್ಲಿ ನಮ್ಮ ಪಕ್ಕದ ಮನೆಯವರು ಇಥಿಯೋಪಿಯಾದ ಆಂಟಿ, ನರ್ಸ್ ಆಗಿ ನಿವೃತ್ತರಾದವರು. ಆಸ್ಪತ್ರೆಯೆಂದರೆ ಹಿಂಜರಿಯುವ ಆಫ್ರಿಕಾದ ಹೆಂಗಸರನ್ನು ತಿಂಗಳಿಗೊಂದು ಭಾನುವಾರ ಕಾಫಿಗೆ ಕರೆದು ಬಿಪಿ, ಶುಗರ್ ನೋಡುತ್ತಿದ್ದರು. ಅವರಲ್ಲಿ ಕಾಫಿ ಮೂರು ಸುತ್ತು. ಅದೇ ಪುಡಿಗೆ ಮತ್ತೆ ಮತ್ತೆ ನೀರು ಹಾಕಿ ಕುದಿಸುವುದರಿಂದ ಮೂರನೆಯದು ತೀರಾ ತೆಳು. ಆದರೆ ಆಶೀರ್ವಾದದ ಬಟ್ಟಲು ಅದೇ. ಕುಡಿಯದೆ ಯಾರೂ ಏಳುವಂತಿಲ್ಲ.

"ಅದಕ್ಕೇ ಕಾಫಿಗೆ ಕರೆಯೋದು. ಯಾರೂ ತಪ್ಪಿಸ್ಕೊಳ್ಳೋಕಾಗಲ್ಲ," ಎಂದು ಆಂಟಿ ನಗುತ್ತಿದ್ದರು.

ಬಿಪಿ ನೋಡಲು ತೋಳಿಗೆ ಪಟ್ಟಿ ಕಟ್ಟುವ ಕೆಲಸ ನನ್ನದು. ಮೈಸೂರಿನ ಗಟ್ಟಿ ಡಿಕಾಕ್ಷನ್ ಕುಡಿದು ಬೆಳೆದವಳು ನಾನು. ಆ ಮೂರನೆಯ ಸುತ್ತಿಗೆ ಮನಸ್ಸಿನಲ್ಲೇ ಮೂಗು ಮುರಿದು, ಬೇಡವೆಂದು ಕೈ ಆಡಿಸುತ್ತಿದ್ದೆ; ಹೊರಗಿನವಳೆಂದು ಆಂಟಿ ಬಿಟ್ಟುಬಿಡುತ್ತಿದ್ದರು.

ಅಂಥ ಒಂದು ಭಾನುವಾರ ಸಂಜೆ ತುಂಬು ಗರ್ಭಿಣಿಯೊಬ್ಬಳು ಬಂದಳು. ಮುಖ ಊದಿಕೊಂಡಿತ್ತು, ತಲೆ ಸಿಡಿಯುತ್ತಿದೆ ಎಂದಳು. ಆಂಟಿ ಅವಳ ಬಿಪಿ ನೋಡಿದರು. ಇನ್ನೊಂದು ತೋಳಿಗೂ ಕಟ್ಟಿಸಿ ನೋಡಿದರು; ಎರಡರಲ್ಲೂ ಅಂಕಿ ವಿಪರೀತ ಹೆಚ್ಚಿತ್ತು. ಅವರ ನಗು ನಿಂತಿತು.

"ಈಗ್ಲೇ ಆಸ್ಪತ್ರೆಗೆ ಹೋಗ್ಬೇಕು. ತಡವಾದ್ರೆ ಫಿಟ್ಸ್ ಬರುತ್ತೆ, ಇಬ್ಬರೂ ಉಳಿಯಲ್ಲ," ಎಂದು ನನ್ನ ಕಿವಿಯಲ್ಲಿ ಹೇಳಿದರು.

ಹೊರಡು ಎಂದರೆ ಹುಡುಗಿ ಅಲ್ಲಾಡಲಿಲ್ಲ. "ಮೊನ್ನೆ ಹೋಗಿದ್ದೆ, ಮಾತ್ರೆ ಕೊಟ್ಟು ವಾಪಸ್ ಕಳಿಸಿದ್ರು. ಮೂರನೇದು ಕುಡೀದೆ ಎದ್ರೆ ಮಗುಗೆ ಒಳ್ಳೇದಾಗಲ್ಲ."

ಕಾಫಿ ಇನ್ನೂ ಮೊದಲ ಕುದಿಯಲ್ಲಿತ್ತು. ಬೈಯೋಣವೆಂದರೆ, ನಾನೇ ರಾಹುಕಾಲದಲ್ಲಿ ಕಾರು ಮುಟ್ಟದವಳು. ಆಂಟಿ ಮಾತ್ರ ಆ ಗಟ್ಟಿ ಕಾಫಿಯನ್ನು ಒಂದು ಹನಿಯಷ್ಟು ಬಟ್ಟಲಿಗೆ ಬಗ್ಗಿಸಿ, ತುಂಬ ನೀರು ಬೆರೆಸಿ ಅವಳ ಕೈಗಿಟ್ಟರು.

"ಇದು ಮೂರನೇದು. ನಾನು ಕೊಡ್ತಿದೀನಿ. ಕುಡಿ, ಏಳು."

ಅವಳು ಕುಡಿದು ಎದ್ದಳು.

ಆಸ್ಪತ್ರೆ ಹತ್ತಿರವಿತ್ತು, ಆಂಬುಲೆನ್ಸಿಗೆ ಕಾಯದೆ ನನ್ನ ಕಾರಿನಲ್ಲೇ ಹೊರಟೆವು. ಭಾನುವಾರದ ರಾಹುಕಾಲ ಶುರುವಾಗಿತ್ತು. ಹಿಂದಿನ ಸೀಟಿನಲ್ಲಿ ಅವಳು ಕಣ್ಣು ಮಂಜಾಗುತ್ತಿದೆ ಎಂದಾಗ ನಾನು ವೇಗ ಹೆಚ್ಚಿಸಿದೆ. ಈ ಸಲವೂ ವಾಪಸ್ ಕಳಿಸಿದರೆ? ಆಸ್ಪತ್ರೆಯ ಕೌಂಟರಿನವರು, ಕೂತು ಕಾಯಿರಿ ಎಂದರು. ಆಂಟಿ ಕೂರಲಿಲ್ಲ. ಯಾರಾದರೂ ಬಂದು ಬಿಪಿ ನೋಡುವವರೆಗೆ ಅದೇ ಅಂಕಿಯನ್ನು ದೊಡ್ಡ ದನಿಯಲ್ಲಿ ಹೇಳುತ್ತಲೇ ನಿಂತರು. ನೋಡಿದವರು ಅವಳನ್ನು ಒಳಗೆ ಓಡಿಸಿಕೊಂಡು ಹೋದರು. ಆಪರೇಷನ್ ಮುಗಿಯುವವರೆಗೂ ನಾನು ಮನೆದೇವರಿಗೂ ಅವಳ ದೇವರಿಗೂ ಒಟ್ಟಿಗೇ ಹರಕೆ ಹೊತ್ತೆ.

ಕೆಲವು ತಿಂಗಳ ನಂತರ ಅವಳು ಮಗಳನ್ನು ಎತ್ತಿಕೊಂಡು ಕಾಫಿಗೆ ಬಂದಳು. ಆಂಟಿ ಅವಳಿಗೆ ಎರಡೇ ಸುತ್ತು ಕೊಟ್ಟರು.

"ನಿನ್ನ ಮೂರನೇದು ಅವತ್ತೇ ಆಯ್ತಲ್ಲ," ಎಂದು ಅವಳ ಪಾಲಿನ ಮೂರನೆಯ ಬಟ್ಟಲನ್ನು ನನ್ನ ಕಡೆ ಚಾಚಿದರು.

ಎರಡೂ ಕೈಯಲ್ಲಿ ಹಿಡಿದು, ಆ ನೀರು ಕಾಫಿಯನ್ನು ಒಂದು ತೊಟ್ಟೂ ಬಿಡದೆ ಕುಡಿದೆ.