ಓಬಳಪ್ಪನಿಗೆ ಉಳಿದ ಒಂದೇ ಮಾತು

೧೯೭೪ರಲ್ಲಿ ನಾನು ಹಿರಿಯೂರಿನ ಆಸ್ಪತ್ರೆಯಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಮಾರಿಕಣಿವೆಯ ಹಿನ್ನೀರಿನಲ್ಲಿ ಮೀನು ಹಿಡಿಯುತ್ತಿದ್ದ ಓಬಳಪ್ಪನನ್ನು ಒಂದು ಬೆಳಿಗ್ಗೆ ಯಾರದೋ ಲಾರಿಯಲ್ಲಿ ತಂದರು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು, ಬಾಯಿ ಸೊಟ್ಟಗಾಗಿತ್ತು. ಬಲೆ ಎತ್ತಲು ಅವನೂ ಅವನ ತಮ್ಮ ಹನುಮಂತನೂ ಒಂದೇ ಹರಿಗೋಲಿನಲ್ಲಿ ಹೋಗಿದ್ದರಂತೆ. ದಡಕ್ಕೆ ತೇಲಿಬಂದ ಹರಿಗೋಲಿನಲ್ಲಿ ಓಬಳಪ್ಪನೊಬ್ಬನೇ ಬಿದ್ದಿದ್ದ. ಹನುಮಂತ ಎಲ್ಲೂ ಇರಲಿಲ್ಲ.

ಜೊತೆಗೆ ಬಂದಿದ್ದವಳು ಹನುಮಂತನ ಹೆಂಡತಿ ಗಂಗಮ್ಮ. "ಭಾವ, ನಿನ್ ತಮ್ಮ ಎಲ್ಲಿ? ಹೇಳು," ಎಂದು ಅವನ ಭುಜ ಅಲುಗಿಸಿದಳು.

"ಮೀನು," ಎಂದ ಓಬಳಪ್ಪ.

ಅದು ಸ್ಟ್ರೋಕ್. ಮೆದುಳಿನ ಎಡಭಾಗಕ್ಕೆ ರಕ್ತ ಹೋಗುವುದು ನಿಂತರೆ ಕೆಲವರಿಗೆ ಅಫೇಸಿಯಾ ಆಗುತ್ತದೆ. ಹೇಳಬೇಕೆಂಬುದು ಮನಸ್ಸಿನಲ್ಲಿರುತ್ತದೆ, ಮಾತು ಸಿಗುವುದಿಲ್ಲ. ಅಪರೂಪಕ್ಕೆ ಒಂದೇ ಒಂದು ಪದ ಉಳಿದು, ಏನು ಹೇಳಹೊರಟರೂ ಅದೇ ಬರುತ್ತದೆ. ಓಬಳಪ್ಪನಿಗೆ ನೀರು ಬೇಕೆಂದರೂ ಮೀನು, ಬೆನ್ನು ನೋಯುತ್ತದೆಂದರೂ ಮೀನು. "ಏನಪ್ಪ, ಇವತ್ತು ಎಷ್ಟು ಬಿದ್ವು?" ಎಂದು ವಾರ್ಡಿನವರು ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಗದರಿದರೆ ಕಂಬಳಿ ಹೊದ್ದು ನಗುತ್ತಿದ್ದರು, ಅಷ್ಟೆ.

ನೀರಿನಲ್ಲಿ ಮುಳುಗಿ ಹುಡುಕಿದವರಿಗೆ ಹನುಮಂತ ಸಿಗಲಿಲ್ಲ. ಗಂಗಮ್ಮ ಕುಂಕುಮ ಇಡಲೂ ಹೆದರುತ್ತಿದ್ದಳು, ಅಳಿಸಲೂ ಹೆದರುತ್ತಿದ್ದಳು. ಉತ್ತರಕ್ಕಾಗಿ ಕಾದು ಕೂತವಳು ಹಾಗೇ ಭಾವನ ಆರೈಕೆಗೂ ನಿಂತಳು. ಬರಬರುತ್ತ ಅವನ ಮಾತು ಅವಳಿಗೆ ತಿಳಿಯತೊಡಗಿತು. ಮೀನು ಎಂದು ಎಳೆದು ಅಂದರೆ ನೀರು, ಮೊಟಕಾಗಿ ಅಂದರೆ ಮಗ್ಗುಲು ಬದಲಿಸು, ಮೂಗಿನಲ್ಲಿ ಅಂದರೆ ಸಾಕು. "ನಿಮ್ಗೆ ಗೊತ್ತಾಗಲ್ಲ ಬಿಡ್ರಿ ಡಾಕ್ಟ್ರೇ, ನಂಗೆ ಗೊತ್ತಾಗ್ತೈತೆ," ಎನ್ನುವಳು. ಹನುಮಂತನ ಹೆಸರೆತ್ತಿದರೆ ಮಾತ್ರ ಅವನು ಮೀನು, ಮೀನು ಎಂದು ಬಡಬಡಿಸುತ್ತ ಎಡಗೈಯಿಂದ ಹಣೆ ಚಚ್ಚಿಕೊಂಡು ಅಳುತ್ತಿದ್ದ. ಅದು ಅವಳಿಗೂ ತಿಳಿಯುತ್ತಿರಲಿಲ್ಲ.

ಒಮ್ಮೆ ನಾನು ಅವನ ಎಡಗೈ ಹಿಡಿದು, "ಹೌದಾದರೆ ಒತ್ತು. ಹನುಮಂತ ನೀರಿಗೆ ಬಿದ್ದನಾ?" ಎಂದೆ. ಒತ್ತಿದ. ಗಂಗಮ್ಮ ಗೋಡೆ ಹಿಡಿದುಕೊಂಡಳು. ಖಾತ್ರಿ ಮಾಡಿಕೊಳ್ಳಲು, "ದಡಕ್ಕೆ ಇಳಿದು ಹೋದನಾ?" ಎಂದೆ. ಅದಕ್ಕೂ ಒತ್ತಿದ. ಈ ಕಾಯಿಲೆಯಲ್ಲಿ ಹೌದು, ಅಲ್ಲ ಎನ್ನುವುದೂ ಕಲಸಿಹೋಗುತ್ತದೆ. ನಾನು ಕೈಚೆಲ್ಲಿದೆ.

ಎರಡನೆಯ ಸ್ಟ್ರೋಕ್ ಆದಾಗ ಗಂಗಮ್ಮ ಗಂಜಿ ತರಲು ಹೋಗಿದ್ದಳು. ಓಬಳಪ್ಪ ನನ್ನ ಅಂಗಿ ಹಿಡಿದೆಳೆದು "ಮೀನು" ಎಂದ. ಅಷ್ಟರಲ್ಲೇ ಉಸಿರು ನಿಂತಿತು.

ಅವಳು ಬಂದು ನೋಡಿದಳು. ಅಳಲಿಲ್ಲ. "ಕೊನೀಗೇನಂದ?" ಎಂದಳು. ಹೇಳಿದೆ.

"ಹೆಂಗಂದ?"

ವರಾಂಡದಲ್ಲಿ ನಿಂತು ನಾನು ಆ ಪದವನ್ನು ಅಂದು ತೋರಿಸಿದೆ. ಅವಳು ಕಣ್ಣು ಮುಚ್ಚಿ ಕೇಳಿ, "ಭಾವ ಹಂಗನ್ನಾದಿಲ್ಲ. ಇನ್ನೊಂದ್ಸಲ ಅನ್ರಿ," ಎಂದಳು. ಎಳೆದು ಅಂದೆ, ತಗ್ಗಿಸಿ ಅಂದೆ. ನನ್ನ ಗಂಟಲು ಕಟ್ಟುವವರೆಗೂ ಅನ್ನಿಸಿದಳು. ಒಂದೂ ಅವನದಾಗಲಿಲ್ಲ.

ರೋಗಿ ಏನೆಂದ ಎಂದು ಬರೆದುಕೊಳ್ಳುವುದನ್ನು ಕಾಲೇಜಿನಲ್ಲಿ ಕಲಿಸಿದ್ದರು. ಹೇಗೆಂದ ಎಂದು ಕೇಳಿಸಿಕೊಳ್ಳುವುದನ್ನು ಕಲಿತದ್ದು ಅಂದು. ಆಮೇಲೆ ಬಂದ ರೋಗಿಗಳಿಗೆ ಅದರಿಂದ ಒಳ್ಳೆಯದಾಗಿರಬಹುದು. ಗಂಗಮ್ಮನಿಗೆ ಆಗಲಿಲ್ಲ.