ರಾಧಾಮಣಿಯ ಎಂಜಲು ಪ್ಲೇಟು

ಮರಳವಾಡಿ ಬೋರಲಿಂಗಯ್ಯನ ಮಗಳು ರಾಧಾಮಣಿಗೆ ಮುಂದಿನ ಹಲ್ಲು ಉಬ್ಬು. ತುಟಿ ಪೂರ್ತಿ ಮುಚ್ಚುತ್ತಿರಲಿಲ್ಲ. ಅದರಿಂದ ಅವಳಿಗೇನೂ ತೊಂದರೆಯಿರಲಿಲ್ಲ. ಉಣ್ಣುತ್ತಿದ್ದಳು, ನಗುತ್ತಿದ್ದಳು, ಹಾರೋಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವಾಗ ಕತ್ತರಿ ಹುಡುಕದೆ ದಾರವನ್ನು ಆ ಹಲ್ಲಿನಲ್ಲೇ ಕಡಿಯುತ್ತಿದ್ದಳು. ಕಾರ್ಖಾನೆ ಗೇಟಿನ ಮುಂದೆ ನಾವು ಧರಣಿ ಕೂತಾಗಲೆಲ್ಲ ಘೋಷಣೆ ಎತ್ತುತ್ತಿದ್ದವಳೂ ಅವಳೇ. ಅವಳು ‘ಧಿಕ್ಕಾರ’ ಎಂದರೆ ಒಳಗೆ ಮ್ಯಾನೇಜರನ ಟೀ ಲೋಟ ಅಲುಗುತ್ತದೆ ಎಂದು ಹೆಂಗಸರು ನಗುತ್ತಿದ್ದರು. ಕಂಪನಿಯವರಿಗೆ ಮುಚ್ಚಿಸಲಾಗದ ಆ ಬಾಯಿಗೆ ತಂತಿ ಬಿಗಿದದ್ದು ಮದುವೆ.

ಸಂಬಂಧ ತಂದವನು ಸೋದರಮಾವ ಅಶ್ವಥ್. ಗಂಡು ಅಕ್ಕೂರು ಕಡೆಯ ಜಯಕುಮಾರ್. ಹಿಪ್ಪುನೇರಳೆ ತೋಟ, ರೇಷ್ಮೆ ಹುಳದ ಮನೆ, ಹಿತ್ತಿಲಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ಒಲೆ. ಹುಡುಗಿ ನೋಡಲು ಬಂದ ಅವನ ತಾಯಿ ಕೆಂಚಮ್ಮ ಉಪ್ಪಿಟ್ಟು ತಿಂದು, ಕೈ ತೊಳೆದು, ಹೇಳಿದಳು: ‘ಎಲ್ಲಾ ಚೆಂದಾಗೈತೆ. ಹಲ್ಲೊಂದು ಒಸಿ ಒಳಕ್ಕೋದ್ರೆ ನಮ್ದೇನೂ ತಕರಾರಿಲ್ಲ. ಈಗ ಕ್ಲಿಪ್ಪು ಹಾಕ್ತಾರಂತಲ್ಲ. ಹಾಕ್ಸಿ, ಕಾಯ್ತೀವಿ.’

ಜಯಕುಮಾರ್ ಆಮೇಲೆ ಫೋನು ಮಾಡಿದ. ‘ನಂಗೇನಿಲ್ಲ ಕಣೆ, ನಮ್ಮವ್ವಂಗೆ’ ಎಂದ. ಆ ಮಾತಿನಲ್ಲೇ ಅವನ ಅಳತೆ ಸಿಕ್ಕಿಬಿಟ್ಟಿತ್ತು. ಆದರೆ ರಾಧಾಮಣಿಗೆ ಅವನ ಮೇಲೆ ಮನಸ್ಸಾಗಿತ್ತು, ಅವಳಿಗೆ ಕೇಳಿಸಿದ್ದು ‘ನಂಗೇನಿಲ್ಲ’ ಎನ್ನುವುದಷ್ಟೇ.

ಕನಕಪುರದ ಹಲ್ಲಿನ ಡಾಕ್ಟರು ದಿಲ್ಶಾದ್ ಮೇಡಂ ಮೊದಲೇ ಎಲ್ಲ ಬಿಡಿಸಿ ಹೇಳಿದರು. ತಂತಿ ಬಿಗಿದಾಗಲೆಲ್ಲ ದವಡೆ ಎಳೆಯುತ್ತದೆ. ಕೆನ್ನೆಯೊಳಗೆ ಹುಣ್ಣಾಗುತ್ತದೆ, ಅದಕ್ಕೆ ಈ ಮೇಣ ಹಚ್ಚಿಕೋ. ಚಕ್ಕುಲಿ, ಹುರಿಗಡಲೆ, ಕಬ್ಬು, ಮೂಳೆ ಮುಟ್ಟಬೇಡ. ಮೆತ್ತಗಿರುವುದನ್ನು ನಿಧಾನವಾಗಿ ಅಗಿದು ತಿನ್ನು.

‘ಮುದ್ದೆ ತಿನ್ಬೋದಾ ಮೇಡಂ?’

‘ಧಾರಾಳವಾಗಿ. ಚೆನ್ನಾಗಿ ಅಗಿದು.’

‘ಮುದ್ದೇನ ಯಾರು ಅಗೀತಾರೆ ಮೇಡಂ? ನುಂಗೋದಲ್ವ?’

ತಾವೂ ಮುದ್ದೆ ಸೀಮೆಯ ಚನ್ನಪಟ್ಟಣದವರೇ ಆದ ಡಾಕ್ಟರು ತಲೆ ಚಚ್ಚಿಕೊಂಡು ನಕ್ಕರು. ‘ಹಂಗಾದ್ರೆ ನೀನು ಬದುಕ್ಕೊಂಡೆ ಬಿಡು.’

ಅದು ನಿಜವೇ ಆಯಿತು. ಮೊದಲ ವಾರ ಹಲ್ಲಿಗೆ ಹಲ್ಲು ತಾಗಿದರೆ ಕಣ್ಣಲ್ಲಿ ನೀರು. ಅನ್ನ ಕೂಡ ಕಲ್ಲು. ಮುದ್ದೆ ಮುರಿದು, ಬಸ್ಸಾರಿನಲ್ಲಿ ಅದ್ದಿ, ಹಲ್ಲಿಗೆ ಸೋಕದಂತೆ ಗಂಟಲಿಗಿಳಿಸಿ ದಿನ ದೂಡಿದಳು. ಬಸ್ಸಾರಿನ ಸೊಪ್ಪು ತಂತಿಗೆ ಸಿಕ್ಕಿಕೊಳ್ಳುತ್ತಿತ್ತು. ಉಂಡ ಮೇಲೆ ಬ್ರಷ್ ಹಿಡಿದು ನಲ್ಲಿಗೆ ಹೋದರೆ ಸೂಪರ್‌ವೈಸರ್ ಗಡಿಯಾರ ತೋರಿಸುತ್ತಿದ್ದ. ‘ಏನಮ್ಮ, ಇಲ್ಲಿ ಹೊಲಿಯಾಕೆ ಬತ್ತೀಯೋ ಹಲ್ಲುಜ್ಜಾಕೆ ಬತ್ತೀಯೋ?’ ಜೊತೆಯವರು ಪ್ರೀತಿಯಿಂದಲೇ ‘ತಂತಿಬೇಲಿ’ ಎಂದು ಹೆಸರಿಟ್ಟರು. ಆ ವರ್ಷದ ಧರಣಿಯಲ್ಲಿ ಘೋಷಣೆ ಎತ್ತಲು ಹೋಗಿ ತುಟಿ ತಂತಿಗೆ ತಗುಲಿ ಹರಿಯಿತು. ಸೆರಗಿನಲ್ಲಿ ರಕ್ತ ಒರೆಸಿಕೊಂಡು ಹಿಂದಿನ ಸಾಲಿಗೆ ಹೋಗಿ ಕೂತಳು. ಬೇರೆಯವರು ಕೂಗಿದರು. ಮ್ಯಾನೇಜರನ ಟೀ ಅಲುಗಲಿಲ್ಲ.

ಎರಡು ವರ್ಷ ದಾಟಿದ ಮೇಲೆ ತಂತಿ ಬಿಚ್ಚಿದರು. ಹಲ್ಲು ಜೋಡಿಸಿಟ್ಟ ಹಾಗೆ ಕೂತಿತ್ತು. ದಿನವಿಡೀ ನಾಲಿಗೆಯಿಂದ ಹಲ್ಲು ಸವರಿಕೊಳ್ಳುತ್ತಾ ಓಡಾಡಿದಳು. ದಿಲ್ಶಾದ್ ಮೇಡಂ ಮಾತ್ರ ನಗಲಿಲ್ಲ. ಅಂಗುಳಿಗೆ ಕೂರುವ ಒಂದು ಪ್ಲೇಟು ಕೊಟ್ಟು ಹೇಳಿದರು: ‘ಇದು ತಂತಿಗಿಂತ ಮುಖ್ಯ. ಬುಡದ ಮೂಳೆ ಇನ್ನೂ ಗಟ್ಟಿಯಾಗಿಲ್ಲ. ದಿನಾ ರಾತ್ರಿ ಹಾಕ್ಕೊಂಡೇ ಮಲಗಬೇಕು. ಬಿಟ್ಟರೆ ಹಲ್ಲು ಹಳೇ ಜಾಗಕ್ಕೆ ಹೊರಡ್ತವೆ. ತಣ್ಣೀರಲ್ಲೇ ತೊಳಿ, ಲೋಟದ ನೀರಲ್ಲಿಡು. ಬಿಸಿನೀರು ತೋರಿಸಬೇಡ.’

ಮದುವೆ ಆಯಿತು. ಕಾರ್ಖಾನೆ ಬಿಡಿಸಿದರು. ಮದುವೆ ಫೋಟೋದಲ್ಲಿ ರಾಧಾಮಣಿಯ ಹಲ್ಲಿನ ಸಾಲು ಹೊಳೆಯುತ್ತದೆ. ಕೆಂಚಮ್ಮನೇ ಅದನ್ನು ದೊಡ್ಡದು ಮಾಡಿಸಿ ನಡುಮನೆಯಲ್ಲಿ ನೇತುಹಾಕಿದಳು.

ತಕರಾರು ಶುರುವಾದದ್ದು ಲೋಟದಿಂದ. ಬೆಳಿಗ್ಗೆ ಬಾಯಿಂದ ತೆಗೆದ ಪ್ಲೇಟನ್ನು ರಾಧಾಮಣಿ ಸ್ಟೀಲ್ ಲೋಟದ ನೀರಿಗೆ ಹಾಕಿ ಅಡುಗೆಮನೆಯ ಗೋಡೆಗೂಡಿನಲ್ಲಿಟ್ಟಳು.

‘ಅಯ್ಯೋ, ಎಂಜಲು ಕಣಮ್ಮಿ! ಉಣ್ಣೋ ಪಾತ್ರೆ ಮಗ್ಗುಲಲ್ಲಿ ಮಡಗ್ತೀಯಲ್ಲ!’ ಎಂದಳು ಕೆಂಚಮ್ಮ.

ನಡುಮನೆಗೆ ತಂದಳು. ಅಲ್ಲಿ ದೇವರ ಪಟ. ಕಿಟಕಿಯಲ್ಲಿಟ್ಟಳು, ಬಂದವರ ಕಣ್ಣಿಗೆ ಬೀಳುತ್ತದೆ. ಹುಳದ ಮನೆಯಲ್ಲಂತೂ ಕೇಳುವುದೇ ಬೇಡ, ಹುಳಕ್ಕೆ ಮೈಲಿಗೆ ತಗುಲಿದರೆ ಬೆಳೆ ಹಾಳು. ಕೊನೆಗೆ ಲೋಟ ಬಚ್ಚಲಿನ ಗೋಡೆ ಮೇಲೆ ಹೋಗಿ ಕೂತಿತು. ಎರಡು ವರ್ಷ ನೋವು ತಿಂದು ಸಂಪಾದಿಸಿದ ಹಲ್ಲಿಗೆ ಆ ಮನೆಯಲ್ಲಿ ಒಂದು ಲೋಟ ಇಡುವಷ್ಟು ಜಾಗ ಹುಟ್ಟಲಿಲ್ಲ.

ಗೌರಿಹಬ್ಬಕ್ಕೆ ಮನೆ ತೊಳೆಯುವಾಗ ಕೆಂಚಮ್ಮನ ಕಣ್ಣಿಗೆ ಲೋಟ ಬಿತ್ತು. ಅವಳದೇನೂ ಕೆಟ್ಟ ಬುದ್ಧಿಯಲ್ಲ, ಅದನ್ನು ಹೇಳಲೇಬೇಕು. ನೂಲು ತೆಗೆಯುವ ಮನೆಯವರಿಗೆ ಎಲ್ಲದಕ್ಕೂ ಕುದಿನೀರೇ ಮದ್ದು. ಹಿತ್ತಿಲಲ್ಲಿ ಗೂಡು ಬೇಯುತ್ತಿತ್ತು. ಸೊಸೆಯ ಎಂಜಲು ಹೋಗಲಿ ಎಂದು ಪ್ಲೇಟನ್ನು ಅದೇ ಬಾಣಲೆಗೆ ಹಾಕಿ, ಗೂಡಿನ ಜೊತೆ ಎರಡು ಸಲ ಮಗುಚಿ ತೆಗೆದಳು.

‘ತಕ್ಕೋ, ಮಡಿ ಮಾಡಿವ್ನಿ. ಇನ್ನ ಎಲ್ಲಾರ ಮಡಿಕ್ಕೋ.’

ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಪ್ಲೇಟು ಮುರುಟಿತ್ತು. ಬಾಯಿಗೆ ಕೂರಲಿಲ್ಲ.

ಬೇರೆ ಮಾಡಿಸಲು ಕನಕಪುರಕ್ಕೆ ಕರೆದುಕೊಂಡು ಹೋಗಿ ಎಂದು ಗಂಡನನ್ನು ಕೇಳಿದಳು.

‘ಹುಳ ಜ್ವರಕ್ಕೆ ಕೂತವೆ. ಏಳ್ಲಿ ತಡಿ’ ಎಂದ ಜಯಕುಮಾರ್.

ಹುಳ ಪೊರೆ ಬಿಡಲು ಮೇವು ಬಿಟ್ಟು ಸುಮ್ಮನೆ ಕೂರುವುದಕ್ಕೆ ಜ್ವರ ಎನ್ನುತ್ತಾರೆ. ಹುಳ ಜ್ವರ ಬಿಟ್ಟು ಎದ್ದಿತು. ಆಮೇಲೆ ಹಣ್ಣಾಯಿತು, ಗೂಡು ಕಟ್ಟಿತು, ಗೂಡು ಬಿಡಿಸುವ ಕೆಲಸ ಬಂತು, ಅಷ್ಟರಲ್ಲಿ ಹೊಸ ಮರಿ ಬಂತು.

‘ನಾನೊಬ್ಳೇ ಹೋಗ್ ಬತ್ತೀನಿ, ಬಸ್ಸೈತೆ.’

‘ಹುಳಕ್ಕೆ ಸೊಪ್ಪು ಯಾರ್ ಕುಯ್ತಾರೆ, ನಿಮ್ಮಪ್ಪನಾ?’

ಮುಂದಿನ ಗೌರಿ ಬರುವ ಹೊತ್ತಿಗೆ ರಾಧಾಮಣಿಯ ತುಟಿ ಮತ್ತೆ ಪೂರ್ತಿ ಮುಚ್ಚುತ್ತಿರಲಿಲ್ಲ. ಕೆಂಚಮ್ಮ ಮುದ್ದೆ ಬಡಿಸುತ್ತಾ ಸೊಸೆಯ ಮುಖವನ್ನೇ ನೋಡಿದಳು, ಗೋಡೆಯ ಮೇಲಿನ ಫೋಟೋ ನೋಡಿದಳು. ‘ಮೋಸ ಮಾಡ್ಬುಟ್ರಲ್ಲೋ! ತಂತಿ ಕಟ್ಟಿ ಹಲ್ಲ ಬಗ್ಗುಸ್ಕಂಡು ಬಂದವ್ಳೆ, ಈಗ ಬುಟ್ಕಂಡವೆ!’

ಜಗಲಿಯ ಮೇಲೆ ಪಂಚಾಯಿತಿ ಸೇರಿತು. ಮರಳವಾಡಿಯಿಂದ ಬೋರಲಿಂಗಯ್ಯನೂ ಅಶ್ವಥ್‌ನೂ ಹೋದರು. ಜೊತೆಗೆ ಕಾರ್ಖಾನೆಯಿಂದ ನಾವೂ ಇಬ್ಬರು. ಊರಿನ ಹಿರಿಯನೊಬ್ಬ ಬೀಡಿ ಆರಿಸಿ, ‘ಎಲ್ಲಿ, ಒಸಿ ಬಾಯ್ ತಗಿಯವ್ವಾ, ನೋಡಾನ’ ಎಂದ. ದನದ ಸಂತೆಯಲ್ಲಿ ಎತ್ತಿನ ವಯಸ್ಸು ನೋಡುವವನ ಹಾಗೆ ಬಗ್ಗಿಯೂ ಬಗ್ಗಿದ.

ರಾಧಾಮಣಿ ಬಾಯಿ ತೆಗೆದಳು. ‘ಅತ್ತೆ ಪ್ಲೇಟ್ನ ಬೇಯಿಸ್ಬುಟ್ರು. ಇವ್ರು ಆಸ್ಪತ್ರೆಗೆ ಕರ್ಕೊಂಡೋಗ್ನಿಲ್ಲ. ಇಷ್ಟೇ ನಡ್ದಿರೋದು.’

‘ಎಂಜಲು ಬೇಯಿಸ್ದೆ ಇನ್ನೇನು ಪೂಜೆ ಮಾಡ್ಬೇಕಿತ್ತಾ?’ ಎಂದಳು ಕೆಂಚಮ್ಮ. ಹಿರಿಯರು ತಲೆಯಾಡಿಸಿದರು. ಎಂಜಲು ಎಂದರೆ ಎಂಜಲೇ ಅಲ್ಲವೇ.

ಆಗ ರಾಧಾಮಣಿಯ ದನಿ ಏರಿತು. ಗೇಟಿನ ಮುಂದೆ ಕೇಳುತ್ತಿದ್ದ ಹಳೆಯ ದನಿ. ‘ಹುಳ ಬಾಯಿಂದ ಉಗುಳಿದ್ನೇ ಅಲ್ವ ನೀವು ರೇಷ್ಮೆ ಅನ್ನೋದು? ಅದ್ನ ಮಾರ್ಕೊಂಡ್ ಅನ್ನ ಉಣ್ತೀರಿ. ಮದ್ವೇಲಿ ಉಟ್ಕೊಂಡು ದೇವ್ರ ಮುಂದೆ ನಿಂತ್ಕೋತೀರಿ. ಹುಳದ್ ಎಂಜಲು ಮಡಿ, ನನ್ ಎಂಜಲು ಮಾತ್ರ ಬಚ್ಚಲಿಗಾ?’

ಜಯಕುಮಾರ್ ಚಪ್ಪಲಿಯ ಉಂಗುಷ್ಠ ಸರಿಮಾಡಿಕೊಳ್ಳುತ್ತಿದ್ದ. ನಾನು ಅವನನ್ನೇ ನೋಡುತ್ತಿದ್ದೆ, ತಲೆ ಎತ್ತುತ್ತಾನೇನೋ ಎಂದು. ಎತ್ತಲಿಲ್ಲ. ಬೀಡಿಯ ಹಿರಿಯ ಕೆಮ್ಮಿ ತೀರ್ಮಾನ ಹೇಳಿದ: ಹೆಣ್ಣು ತವರಿಗೆ ಹೋಗಲಿ, ಮತ್ತೆ ಕ್ಲಿಪ್ಪು ಹಾಕಿಸಿಕೊಳ್ಳಲಿ, ಹಲ್ಲು ಕೂತ ಮೇಲೆ ಬರಲಿ.

ದಿಲ್ಶಾದ್ ಮೇಡಂ ಹಲ್ಲು ನೋಡಿ ನಿಟ್ಟುಸಿರು ಬಿಟ್ಟರು. ಮಾಡಬಹುದು, ಆದರೆ ಮೊದಲಿನಿಂದ ಎಂದರು. ರಾಧಾಮಣಿ ಕುರ್ಚಿಯಿಂದ ಇಳಿದಳು. ‘ಬ್ಯಾಡಿ ಮೇಡಂ. ನೋವ್ ತಡ್ಕೋಬೋದು. ಆಮ್ಯಾಕೆ ಆ ಲೋಟ ಹಿಡ್ಕೊಂಡು ಮನೆಯೆಲ್ಲ ತಿರುಗ್ಬೇಕಲ್ಲ, ಅದಾಗಲ್ಲ.’

ಗಂಡ ಆಗಾಗ ಫೋನು ಮಾಡುತ್ತಿದ್ದ. ‘ಹಾಕ್ಸಿದ್ಯಾ?’ ಎನ್ನುವುದೊಂದೇ ಮಾತು. ಉಂಡೆಯಾ ಎಂದು ಕೇಳಿದವನಲ್ಲ. ಈಗ ಫೋನೂ ಇಲ್ಲ.

ರಾಧಾಮಣಿ ಮತ್ತೆ ಹಾರೋಹಳ್ಳಿಯಲ್ಲಿದ್ದಾಳೆ. ಕೆಲಸ ಬಿಟ್ಟು ಹೋಗಿದ್ದಕ್ಕೆ ಹೊಸಬಳೆಂದು ಲೆಕ್ಕ ಹಿಡಿದು ಕೊನೆಯ ಸಾಲಿನಲ್ಲಿ ಕೂರಿಸಿದ್ದಾರೆ. ದಾರವನ್ನು ಮೊದಲಿನಂತೆ ಹಲ್ಲಿನಲ್ಲೇ ಕಡಿಯುತ್ತಾಳೆ. ಘೋಷಣೆಗೆ ಕರೆದರೆ ಬರುತ್ತಾಳೆ, ನಗುವುದು ಕಡಿಮೆ.

ಮೊನ್ನೆ ಪಕ್ಕದ ಮಿಷನ್ನಿನ ದಿವ್ಯ ಎಂಬ ಹುಡುಗಿ ಬಾಯಿಗೆ ಕರ್ಚೀಫು ಒತ್ತಿಕೊಂಡು ಬಂದಳು. ತೆಗೆದರೆ ಹೊಸ ತಂತಿ. ಗಂಡಿನ ಕಡೆಯವರು ಹೇಳಿದ್ದಾರಂತೆ.

‘ಅಕ್ಕ, ನಿಂಗೂ ಹಾಕಿದ್ರಂತಲ್ಲ. ಏನೇನಾಯ್ತದೆ?’

ರಾಧಾಮಣಿ ಮಿಷನ್ನು ನಿಲ್ಲಿಸಲಿಲ್ಲ. ‘ಒಂದ್ ವಾರ ನೋವು. ಮುದ್ದೆ ನುಂಗು. ಹುಣ್ಣಿಗೆ ಮೇಣ ಹಚ್ಕೊ. ಅದೆಲ್ಲ ವಾಸಿಯಾಯ್ತದೆ. ತಂತಿ ಬಿಚ್ಚಿದ್ಮ್ಯಾಕೆ ಒಂದು ಪ್ಲೇಟ್ ಕೊಡ್ತಾರೆ.’ ದಾರ ಕಡಿದು, ತುಂಡನ್ನು ಪಕ್ಕಕ್ಕೆ ಉಗಿದಳು. ‘ತಾಳಿ ಕಟ್ಟಿಸ್ಕೊಳೋಕ್ ಮುಂಚೆನೇ ಆ ಮನೆಯೋರ್ನ ಕೇಳ್ಬುಡು, ಆ ಲೋಟ ಎಲ್ಲಿಡ್ಲಿ ಅಂತ.’